ಪುಟದ ಅಕ್ಷರ, ಯಂತ್ರದ ಓದು: ಓಸಿಆರ್ ಪಠ್ಯವನ್ನು ಭಾಷಿಕ ಆಕರವಾಗಿ ಬಳಸುವ ಕುರಿತು

ಮುದ್ರಿತ ಪುಟವೊಂದರ ಚಿತ್ರದಿಂದ ಪಠ್ಯವನ್ನು ಹೊರತೆಗೆಯುವುದು ಇಂದು ಪೈಥಾನ್‌ನಲ್ಲಿ ಮೂರು-ನಾಲ್ಕು ಸಾಲುಗಳ ಕೆಲಸ. ಚಿತ್ರವನ್ನು ತೆರೆಯುವುದು, ಪೈಟೆಸರ್ಯಾಕ್ಟ್ ಲೈಬ್ರರಿಯ ಒಂದು ಫಂಕ್ಷನ್ನಿಗೆ ಅದನ್ನು ಒಪ್ಪಿಸುವುದು, ಭಾಷೆ ಕನ್ನಡವೆಂದು ಸೂಚಿಸುವುದು, ಬಂದದ್ದನ್ನು ಕಡತದಲ್ಲಿ ಉಳಿಸುವುದು. ಹೀಗೆ ಬಂದ ಕಡತಗಳನ್ನು ಒಟ್ಟುಗೂಡಿಸಿ ಕಾರ್ಪಸ್ ಎಂದು ಕರೆಯುವುದೂ, ಅದರ ಮೇಲೆ ಆವರ್ತನದ ಎಣಿಕೆ ನಡೆಸಿ ಕನ್ನಡದ ಧ್ವನಿವ್ಯವಸ್ಥೆ, ರೂಪರಚನೆ, ಕಾಗುಣಿತದ ಚರಿತ್ರೆಗಳ ಬಗೆಗೆ ತೀರ್ಮಾನಗಳನ್ನು ಕೈಗೊಳ್ಳುವುದೂ ಈಗ ರೂಢಿಯಾಗುತ್ತಿದೆ. ಈ ರೂಢಿಯ ಹಿಂದಿರುವ ಒಂದು ಗ್ರಹಿಕೆಯನ್ನು ನಾವು ಇಲ್ಲಿ ಪ್ರಶ್ನಿಸಬಯಸುತ್ತೇವೆ. ಓಸಿಆರ್ ಕೊಡುವ ಪಠ್ಯವು ಪುಟದ ಪ್ರತಿ, ಅದರಲ್ಲಿ ಅಲ್ಲಲ್ಲಿ ತಪ್ಪುಗಳಿರಬಹುದು ಅಷ್ಟೇ ಎಂಬುದು ಆ ಗ್ರಹಿಕೆ. ನಮ್ಮ ವಾದವೆಂದರೆ, ಅದು ಪ್ರತಿಯಲ್ಲ, ಓದು. ಓದುಗ ಯಾರು, ಆತ ಈ ಮೊದಲು ಏನನ್ನು ಓದಿ ಬಂದಿದ್ದಾನೆ ಎಂಬುದನ್ನು ತಿಳಿಯದೆ ಆ ಓದನ್ನು ಭಾಷಾವಿಜ್ಞಾನದ ಆಕರವಾಗಿ ಬಳಸಲಾಗದು.

ಈ ಲೇಖನಕ್ಕೆ ನಮ್ಮದೇ ಒಂದು ಪ್ರಮಾದ ನಿಮಿತ್ತ. ಜನಪದ ಕಥೆಗಳ ಹಳೆಯ ಸಂಕಲನವೊಂದರ ಸ್ಕ್ಯಾನ್ ಪ್ರತಿಯನ್ನು ಓಸಿಆರ್‌ಗೆ ಒಳಪಡಿಸಿ, ಕಥೆ ಹೇಳಿದವರ ಮಾತಿನಲ್ಲಿ ಮಹಾಪ್ರಾಣಗಳ ಸ್ಥಿತಿ ಏನೆಂಬುದನ್ನು ಎಣಿಸಿ ನೋಡಲು ಹೊರಟಿದ್ದೆವು. ಕೇಳಿದ ಉಚ್ಚಾರಣೆಯನ್ನೇ ಬರೆದುಕೊಂಡಿರುವುದಾಗಿ ಸಂಗ್ರಾಹಕರು ಮುನ್ನುಡಿಯಲ್ಲಿ ತಿಳಿಸಿದ್ದರು. ಎಣಿಕೆಯಲ್ಲಿ ಮಹಾಪ್ರಾಣಗಳು ಸಂಭಾಷಣೆಯ ಭಾಗದಲ್ಲಿಯೂ ಶಿಷ್ಟ ಬರಹದಲ್ಲಿರುವಂತೆಯೇ ಭದ್ರವಾಗಿ ಕುಳಿತಿದ್ದವು. ಆಶ್ಚರ್ಯಪಟ್ಟೆವು, ಸ್ವಲ್ಪ ಸಂತೋಷವನ್ನೂ ಪಟ್ಟೆವು. ಅನಿರೀಕ್ಷಿತ ಫಲಿತಾಂಶ ಯಾವ ಸಂಶೋಧಕನಿಗೆ ಬೇಡ? ಓದುಬರಹವಿಲ್ಲದ ಕಥೆಗಾರರೂ ಬರಹದ ಕನ್ನಡದ ಮಹಾಪ್ರಾಣಗಳನ್ನು ಉಳಿಸಿಕೊಂಡಿದ್ದರೆಂಬ ವಾಕ್ಯವೊಂದು ಕರಡಿಗೆ ಸೇರಿಯೂಬಿಟ್ಟಿತು. ಉದಾಹರಣೆಗಳಿಗೆ ಪುಟಸಂಖ್ಯೆ ಹಾಕಲೆಂದು ವಿದ್ಯಾರ್ಥಿನಿಯೊಬ್ಬರು ಪುಸ್ತಕವನ್ನೇ ತೆರೆದಾಗ ವಿಷಯ ಬಯಲಾಯಿತು. ಅಚ್ಚಿನಲ್ಲಿ 'ದರ್ಮ', 'ಬೂಮಿ', 'ಬಾಗ್ಯ' ಎಂದಿದ್ದ ರೂಪಗಳು ನಮ್ಮ ಕಡತದಲ್ಲಿ 'ಧರ್ಮ', 'ಭೂಮಿ', 'ಭಾಗ್ಯ' ಆಗಿದ್ದವು. ಎಲ್ಲ ಕಡೆಯೂ ಅಲ್ಲ. ಆದರೆ ನಮ್ಮ ತೀರ್ಮಾನವನ್ನು ತಲೆಕೆಳಗು ಮಾಡುವಷ್ಟು ಕಡೆ. ಬಳಸಿದ ತಂತ್ರಾಂಶ ಯಾವುದೆಂಬುದು ಇಲ್ಲಿ ಮುಖ್ಯವಲ್ಲ, ಏಕೆಂದರೆ ತಪ್ಪು ನಮ್ಮದು. ನಾವು ಅದನ್ನು ಕನ್ನಡಿಯೆಂದು ಭಾವಿಸಿದೆವು. ಅದು ಕಾಗುಣಿತ ತಿದ್ದುವ ಮೇಷ್ಟ್ರಾಗಿತ್ತು.

ಇಂಥ ತಿದ್ದುಪಡಿ ಎಲ್ಲಿಂದ ಬರುತ್ತದೆಂಬುದನ್ನು ಅರಿಯಲು, ಮುಕ್ತವಾಗಿ ದೊರೆಯುವ ಕಾರಣ ಪರಿಶೀಲನೆಗೂ ತೆರೆದಿರುವ ಟೆಸರ್ಯಾಕ್ಟನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯಲ್ಲಿ 1985ರಿಂದ 1994ರವರೆಗೆ ರೂಪುಗೊಂಡ ಈ ತಂತ್ರಾಂಶವನ್ನು 2005ರಲ್ಲಿ ಮುಕ್ತ ಆಕರವಾಗಿ ಬಿಡುಗಡೆ ಮಾಡಲಾಯಿತು. 2006ರಿಂದ 2018ರವರೆಗೆ ಗೂಗಲ್ ಅದನ್ನು ಬೆಳೆಸಿತು. ಅದರ ಹಳೆಯ ಆವೃತ್ತಿಗಳು ಸಾಲನ್ನು ತುಂಡುಗಳಾಗಿ ಒಡೆದು ಒಂದೊಂದು ಆಕಾರವನ್ನೂ ಬೇರೆಬೇರೆಯಾಗಿ ಗುರುತಿಸಲು ಯತ್ನಿಸುತ್ತಿದ್ದವು. ಒತ್ತಕ್ಷರ, ಗುಣಿತಾಕ್ಷರಗಳಿಂದ ತುಂಬಿದ ಕನ್ನಡದ ಸಾಲಿನಲ್ಲಿ ಇದು ಬಲು ಪ್ರಯಾಸದ ದಾರಿ. 2018ರಲ್ಲಿ ಬಂದ ನಾಲ್ಕನೆಯ ಆವೃತ್ತಿಯಿಂದ ಎಲ್‌ಎಸ್‌ಟಿಎಂ ಎಂಬ ನರಜಾಲವು ಇಡೀ ಸಾಲನ್ನು ಒಂದು ಅನುಕ್ರಮವಾಗಿ ಓದುತ್ತದೆ. ಅಂದರೆ, ಒಂದು ಆಕಾರದ ನಿರ್ಣಯದಲ್ಲಿ ಅದರ ಹಿಂದುಮುಂದಿನ ಆಕಾರಗಳಿಗೂ ಪಾಲಿದೆ. ಇದರ ಜೊತೆಗೆ ಪದಪಟ್ಟಿಯೊಂದಿದ್ದು, ಪಟ್ಟಿಯಲ್ಲಿರುವ ಪದಗಳಿಗೆ ನಿರ್ಣಯದ ಹೊತ್ತಿನಲ್ಲಿ ಒಂದಿಷ್ಟು ಪಕ್ಷಪಾತ ದೊರೆಯುತ್ತದೆ. ಪದಪಟ್ಟಿಯನ್ನು ಬಳಕೆದಾರ ನಿಷ್ಕ್ರಿಯಗೊಳಿಸಬಹುದು. ನರಜಾಲವು ತರಬೇತಿಯಲ್ಲಿ ಮೈಗೂಡಿಸಿಕೊಂಡ ಅಕ್ಷರಾನುಕ್ರಮದ ಸಂಸ್ಕಾರವನ್ನು ಹಾಗೆ ನಿಷ್ಕ್ರಿಯಗೊಳಿಸುವ ಗುಂಡಿ ಯಾವುದೂ ಇಲ್ಲ.

ತರಬೇತಿಯ ಸಾಮಗ್ರಿ ಯಾವುದು? ಟೆಸರ್ಯಾಕ್ಟ್‌ನ ದಾಖಲೆಗಳ ಪ್ರಕಾರ, ಲ್ಯಾಟಿನ್ ಲಿಪಿಯ ಭಾಷೆಗಳಿಗೆ ಸುಮಾರು 4,00,000 ಸಾಲುಗಳನ್ನು ಸುಮಾರು 4,500 ಫಾಂಟುಗಳಲ್ಲಿ ಮೂಡಿಸಿ ತರಬೇತಿ ನೀಡಲಾಗಿದೆ. ಇತರ ಲಿಪಿಗಳಿಗೆ ಸಾಲುಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇದ್ದರೂ ಅಷ್ಟು ಫಾಂಟುಗಳು ದೊರೆತಿಲ್ಲ. ಗಮನಿಸಬೇಕಾದದ್ದು 'ಮೂಡಿಸಿ' ಎಂಬ ಮಾತನ್ನು. ಯಂತ್ರವು ಓದು ಕಲಿತದ್ದು ಬಹುಮಟ್ಟಿಗೆ ಕಂಪ್ಯೂಟರಿನ ಫಾಂಟುಗಳಿಂದ ಕೃತಕವಾಗಿ ತಯಾರಿಸಿದ ಚಿತ್ರಗಳ ಮೇಲೆ. ಮೊಳೆ ಜೋಡಿಸಿ, ಶಾಯಿ ಬಳಿದು, ಒರಟು ಕಾಗದದ ಮೇಲೆ ಒತ್ತಿದ ಪುಟಗಳ ಮೇಲಲ್ಲ. ಹೀಗಾಗಿ 1894ರ ಕಿಟೆಲ್ ನಿಘಂಟಿನ ಪುಟವೊಂದನ್ನು ಅದರ ಮುಂದಿಟ್ಟಾಗ, ಆಕಾರದ ಕಡೆಯಿಂದ ಅದಕ್ಕೆ ದೊರೆಯುವ ಸಾಕ್ಷ್ಯ ದುರ್ಬಲ. ಸಾಕ್ಷ್ಯ ದುರ್ಬಲವಾದಷ್ಟೂ ಸಂಸ್ಕಾರದ ತೂಕ ಹೆಚ್ಚುತ್ತದೆ.

ಕನ್ನಡದಲ್ಲಿ ಈ ಸಮಸ್ಯೆ ವಿಶೇಷವಾಗಿ ಸೂಕ್ಷ್ಮವಾಗಿರುವುದಕ್ಕೆ ಲಿಪಿಯೇ ಕಾರಣ. ದ-ಧ, ಡ-ಢ, ಬ-ಭ, ಪ-ಫ ಜೋಡಿಗಳಲ್ಲಿ ಅಲ್ಪಪ್ರಾಣವನ್ನೂ ಮಹಾಪ್ರಾಣವನ್ನೂ ಬೇರ್ಪಡಿಸುವುದು ಅಕ್ಷರದ ಬುಡದಲ್ಲಿನ ಒಂದು ಸಣ್ಣ ಸೀಳು. ಧ ಮತ್ತು ಥ ನಡುವೆ ಇರುವುದು ಒಳಗಿನ ಒಂದು ಚುಕ್ಕೆ. ಶಾಲೆಯಲ್ಲಿ ನಾವೆಲ್ಲ 'ಹೊಟ್ಟೆ ಸೀಳಿದ ಷ' ಎಂದು ಕಲಿತವರೇ; ಶಾಯಿ ತುಸು ಹರಡಿದರೆ ಆ ಸೀಳು ಮುಚ್ಚಿಕೊಳ್ಳುತ್ತದೆ, ಶಾಯಿ ಒಣಗಿದ್ದರೆ ಕಾಣಿಸಿಕೊಳ್ಳುವುದೇ ಇಲ್ಲ. ಓಸಿಆರ್‌ನ ಮೊದಲ ಹಂತದಲ್ಲಿಯೇ ಬೂದುಬಣ್ಣದ ಚಿತ್ರವನ್ನು ಕಪ್ಪು-ಬಿಳುಪಿಗೆ ಇಳಿಸುವಾಗ, ಒಂದು ಮಿತಿಗಿಂತ ಮಸುಕಾದ ಗೆರೆಗಳು ಕಾಗದಕ್ಕೆ ಸೇರಿಹೋಗುತ್ತವೆ. ಇನ್ನು ಒತ್ತಕ್ಷರಗಳು ಸಾಲಿನ ಕೆಳಗೆ ಇಳಿದು ಮುಂದಿನ ಸಾಲಿನ ಗುಡಿಸು, ತಲೆಕಟ್ಟುಗಳನ್ನು ಮುಟ್ಟುತ್ತವೆ. ಬಿಗಿಯಾಗಿ ಜೋಡಿಸಿದ ಹಳೆಯ ಪುಟಗಳಲ್ಲಿ ಸಾಲುಗಳನ್ನು ಬಿಡಿಸುವುದೇ ಒಂದು ಸಾಹಸ. ಅರ್ಕಾವೊತ್ತಿನ ಕಥೆ ಬೇರೆ. 'ಸೂರ್ಯ' ಎಂಬಲ್ಲಿ ಕಣ್ಣಿಗೆ ಮೊದಲು ಕಾಣುವುದು ಯಕಾರ, ಆಮೇಲೆ ಅರ್ಕಾವೊತ್ತು. ಯೂನಿಕೋಡ್ ಅನುಕ್ರಮದಲ್ಲಿ ರೇಫ ಮೊದಲು, ಯಕಾರ ಆಮೇಲೆ. ಆ ಅರ್ಕಾವೊತ್ತಾದರೋ ಕನ್ನಡದ ಒಂಬತ್ತರ ಅಂಕಿಯನ್ನು ಹೋಲುತ್ತದೆ. ಅನುಸ್ವಾರವೂ ಕನ್ನಡದ ಸೊನ್ನೆಯೂ ರೂಪದಲ್ಲಿ ಒಂದೇ, ಯೂನಿಕೋಡ್‌ನಲ್ಲಿ ಎರಡು. ಸೊನ್ನೆಯನ್ನು ಅನುಸ್ವಾರವೆಂದು ಬರೆದಿಟ್ಟ ಕಡತ ಪರದೆಯ ಮೇಲೆ ಸರಿಯಾಗಿಯೇ ಕಾಣುತ್ತದೆ. ಹುಡುಕಿದಾಗ ಮಾತ್ರ ಪದ ಸಿಗುವುದಿಲ್ಲ.

ಈ ಕಡೆಯ ಉದಾಹರಣೆ ನಮ್ಮ ವಾದಕ್ಕೆ ಒಂದು ಮಿತಿಯನ್ನೂ ಹಾಕುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಅನುಸ್ವಾರವೋ ಸೊನ್ನೆಯೋ ಎಂಬುದನ್ನು ಆಕಾರವೊಂದರಿಂದಲೇ ಯಾರೂ ನಿರ್ಣಯಿಸಲಾರರು. ಸಂದರ್ಭ ಬೇಕೇ ಬೇಕು. ಮನುಷ್ಯ ಓದುಗನೂ ಸಂದರ್ಭದಿಂದಲೇ ಓದುತ್ತಾನೆ. ಆದ್ದರಿಂದ ಯಂತ್ರವು ಸಂದರ್ಭವನ್ನು ಬಳಸುತ್ತದೆಂಬುದು ನಮ್ಮ ಆಕ್ಷೇಪವಲ್ಲ. ಎಲ್ಲಿ ಕಣ್ಣಿಗೆ ಕಂಡದ್ದನ್ನು ಬರೆಯಿತು, ಎಲ್ಲಿ ಊಹಿಸಿದ್ದನ್ನು ಬರೆಯಿತು ಎಂಬುದರ ಗುರುತನ್ನು ಅದು ಉಳಿಸುವುದಿಲ್ಲ, ನಾವು ಅದನ್ನು ಕೇಳುವುದೂ ಇಲ್ಲ ಎಂಬುದು ಆಕ್ಷೇಪ. ಪದವೊಂದಕ್ಕೆ ಇಷ್ಟು ಅಂಕದ ಭರವಸೆ ಎಂದು ತಂತ್ರಾಂಶ ಸೂಚಿಸುವುದುಂಟು. ಆದರೆ ಆ ಅಂಕದಲ್ಲಿ ಆಕಾರದ ಸಾಕ್ಷ್ಯವೂ ಸಂಸ್ಕಾರದ ಬಲವೂ ಬೆರೆತುಹೋಗಿರುತ್ತವೆ. 'ಧರ್ಮ'ದಂಥ ಚಿರಪರಿಚಿತ ಪದಕ್ಕೆ ಹೆಚ್ಚು ಅಂಕ ಬಂದರೆ, ಅಚ್ಚಿನಲ್ಲಿ ಸೀಳು ಸ್ಪಷ್ಟವಾಗಿತ್ತೆಂದೇ ಅರ್ಥವಾಗಬೇಕಿಲ್ಲ.

ಸಂಸ್ಕಾರದ ಈ ಬಲವನ್ನು ಅಂದಾಜು ಮಾಡಲು ಒಂದು ಒಳ್ಳೆಯ ಆಧಾರ ನಮ್ಮಲ್ಲಿಯೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ 'ಲಿಪಿ ಜ್ಞಾನಿ' ಎಂಬ ಕನ್ನಡ ಓಸಿಆರ್ ಕುರಿತ ಪ್ರಬಂಧ 2019ರಲ್ಲಿ ಬೆಳಕಿಗೆ ಬಂತು. 1970ರಿಂದ 2002ರ ನಡುವೆ ಪ್ರಕಟವಾದ 35ಕ್ಕೂ ಹೆಚ್ಚು ಪುಸ್ತಕಗಳಿಂದ, ಹಳಗನ್ನಡದ ಗ್ರಂಥಗಳನ್ನೂ ಸೇರಿಸಿಕೊಂಡು, ತರಬೇತಿ ಮತ್ತು ಪರೀಕ್ಷೆಯ ಸಾಮಗ್ರಿಯನ್ನು ಆಯ್ದುಕೊಂಡ ಈ ವ್ಯವಸ್ಥೆಯಲ್ಲಿ ನಿಘಂಟಿನ ನೆರವಿನಿಂದ ತಿದ್ದುವ ಹಂತ ಇರಲಿಲ್ಲ. ಕನ್ನಡ ಲಿಪಿಯಲ್ಲಿಯೇ ಅಚ್ಚಾದ ನಾಲ್ಕು ಭಾಷೆಗಳ ಪುಟಗಳ ಮೇಲೆ ಅದನ್ನು ಟೆಸರ್ಯಾಕ್ಟ್‌ನೊಡನೆ ಹೋಲಿಸಲಾಯಿತು. ಪದಮಟ್ಟದ ನಿಖರತೆಯಲ್ಲಿ ಲಿಪಿ ಜ್ಞಾನಿ ಪಡೆದ ಮುನ್ನಡೆ ಕನ್ನಡದಲ್ಲಿ ಶೇ. 4, ತುಳು ಮತ್ತು ಸಂಸ್ಕೃತಗಳಲ್ಲಿ ಶೇ. 8ಕ್ಕಿಂತ ಹೆಚ್ಚು, ಕೊಂಕಣಿಯಲ್ಲಿ ಶೇ. 25. ಈ ಅಂಕಿಗಳನ್ನು ಯಾವ ತಂತ್ರಾಂಶ ಮೇಲು ಎಂಬ ಸ್ಪರ್ಧೆಯ ಫಲಿತಾಂಶವಾಗಿ ಓದುವುದು ವಾಡಿಕೆ. ಅವುಗಳ ನಿಜವಾದ ಸ್ವಾರಸ್ಯ ಬೇರೆಯೆಂದು ನಮಗೆ ತೋರುತ್ತದೆ. ಲಿಪಿ ಬದಲಾಗಿಲ್ಲ, ಬದಲಾದದ್ದು ಭಾಷೆ. ಬರಿಯ ಆಕಾರಗಳನ್ನು ಗುರುತಿಸುವ ಕೆಲಸವಾಗಿದ್ದಿದ್ದರೆ, ಕನ್ನಡದಿಂದ ಕೊಂಕಣಿಗೆ ಹೋದಾಗ ಅಂತರ ಇಷ್ಟು ಹಿಗ್ಗಬೇಕಾಗಿರಲಿಲ್ಲ. ಪುಸ್ತಕಗಳ ಅಚ್ಚಿನ ಗುಣ, ಕೊಂಕಣಿ ಬರಹದ ವಿಶೇಷ ಚಿಹ್ನೆಗಳು ಮೊದಲಾದ ಕಾರಣಗಳನ್ನು ತಳ್ಳಿಹಾಕುವಂತಿಲ್ಲ. ಆದರೂ, ಶಿಷ್ಟ ಕನ್ನಡದಿಂದ ದೂರ ಸರಿದಾಗ ಕನ್ನಡದ ಪದಾನುಕ್ರಮವನ್ನು ನೆಚ್ಚಿಕೊಂಡ ಓದು ಸೋಲುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸೂಚನೆ ನಮಗೆ ಕಂಡಿಲ್ಲ. ಕೊಂಕಣಿ ದೂರದ ಭಾಷೆಯಾಗಿರುವುದರಿಂದ ಸೋಲು ಕಣ್ಣಿಗೆ ಹೊಡೆಯುತ್ತದೆ. ಕುಂದಾಪುರದ ಕನ್ನಡವೋ ಧಾರವಾಡದ ಆಡುಮಾತೋ ಆದರೆ ಅದೇ ಸೋಲು ಗೆಲುವಿನ ವೇಷದಲ್ಲಿ ಬರುತ್ತದೆ, ಏಕೆಂದರೆ ಯಂತ್ರ ಕೊಟ್ಟ ಶಿಷ್ಟರೂಪವೂ ಕನ್ನಡದ ಪದವೇ.

ಸೋಲಿನ ಈ ಎರಡು ಬಗೆಗಳ ನಡುವಣ ಅಂತರವೇ ನಮ್ಮ ಪಾಲಿಗೆ ಮುಖ್ಯ. ಟೆಸರ್ಯಾಕ್ಟ್‌ಗೆ ಭಾಷೆ ಯಾವುದೆಂದು ಹೇಳಲು ಮರೆತರೆ ಅದು ಇಂಗ್ಲಿಷೆಂದೇ ಭಾವಿಸಿ, ಕನ್ನಡದ ಪುಟವನ್ನು ರೋಮನ್ ಅಕ್ಷರಗಳ ಕಲಸುಮೇಲೋಗರವಾಗಿ ಕೊಡುತ್ತದೆ. ಮೊದಲ ದಿನ ಪ್ರತಿಯೊಬ್ಬ ವಿದ್ಯಾರ್ಥಿಯೂ ಇದನ್ನು ಕಂಡು ನಗುತ್ತಾನೆ. ಅದು ಪ್ರಾಮಾಣಿಕವಾದ ಸೋಲು. ಅದರಿಂದ ಯಾರೂ ಮೋಸಹೋಗಲಾರರು. ಹಳೆಯ ಆವೃತ್ತಿಗಳ ತಪ್ಪುಗಳೂ ಹೆಚ್ಚಾಗಿ ಅರ್ಥವಿಲ್ಲದ ಅಕ್ಷರಗುಚ್ಛಗಳಾಗಿದ್ದು, ಕರಡು ತಿದ್ದುವವರ ಕಣ್ಣಿಗೆ ತಾವಾಗಿ ಬೀಳುತ್ತಿದ್ದವು. ಈಗಿನ ತಪ್ಪು ಸುಸಂಸ್ಕೃತ. ಈಚೆಗೆ ಬಂದಿರುವ, ಚಿತ್ರವನ್ನೂ ಭಾಷೆಯನ್ನೂ ಒಟ್ಟಿಗೆ ಕಲಿತ ಬೃಹತ್ ಮಾದರಿಗಳು ಈ ದಾರಿಯಲ್ಲಿ ಇನ್ನೂ ಮುಂದೆ ಹೋಗಿ, ಹರಿದ ಪುಟದ ಅಂಚಿನಲ್ಲಿ ಇಲ್ಲದ ಸಾಲನ್ನೂ ಸರಾಗವಾದ ಗದ್ಯದಲ್ಲಿ ತುಂಬಿಕೊಡಬಲ್ಲವು.

ಇದಕ್ಕೆ ಉತ್ತರವಾಗಿ ನಿಖರತೆಯ ಅಂಕಿಯೊಂದನ್ನು ಮುಂದಿಡುವುದು ವಾಡಿಕೆ. ಅಕ್ಷರ ದೋಷದ ಪ್ರಮಾಣ ಎಂದು ಕರೆಯಲಾಗುವ ಈ ಅಳತೆ, ಯಂತ್ರದ ಪಠ್ಯವನ್ನು ಸರಿಯಾದ ಪಠ್ಯವಾಗಿಸಲು ಎಷ್ಟು ಸೇರಿಸಬೇಕು, ಬಿಡಬೇಕು, ಬದಲಿಸಬೇಕು ಎಂಬುದನ್ನು ಒಟ್ಟು ಉದ್ದದಿಂದ ಭಾಗಿಸಿ ಬರುವಂಥದು. ಇಲ್ಲಿ 'ಅಕ್ಷರ' ಎಂದರೆ ನಮ್ಮ ಅಕ್ಷರವಲ್ಲ, ಯೂನಿಕೋಡ್ ಸಂಕೇತ. 'ಸಂಸ್ಕೃತಿ' ಎಂಬ ಪದದಲ್ಲಿ ಕನ್ನಡಿಗನ ಲೆಕ್ಕಕ್ಕೆ ಮೂರು ಅಕ್ಷರಗಳಿವೆ, ಯೂನಿಕೋಡ್ ಲೆಕ್ಕಕ್ಕೆ ಎಂಟು ಸಂಕೇತಗಳು. ವಟ್ರಸುಳಿ ಬಿಟ್ಟುಹೋಗಿ 'ಸಂಸ್ಕತಿ' ಎಂದಾದರೆ, ಸಂಕೇತದ ಮಟ್ಟದಲ್ಲಿ ದೋಷ ಶೇ. 12.5, ಅಕ್ಷರದ ಮಟ್ಟದಲ್ಲಿ ಶೇ. 33.3, ಪದದ ಮಟ್ಟದಲ್ಲಿ ಶೇ. 100. ಒಂದೇ ತಪ್ಪು, ಮೂರು ಅಂಕಿ. ಇಷ್ಟೇ ಅಲ್ಲ. 'ಓ' ಸ್ವರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಸಂಕೇತಗಳ ಸರಣಿಯಾಗಿಯೂ ಬರೆಯಬಹುದು. ಯೂನಿಕೋಡ್ ಇವೆರಡನ್ನೂ ಸಮಾನವೆಂದು ಘೋಷಿಸಿದೆ. ಹೋಲಿಸುವ ಮುನ್ನ ಎರಡೂ ಪಠ್ಯಗಳನ್ನು ಒಂದೇ ರೂಪಕ್ಕೆ ತಾರದಿದ್ದರೆ, ಯಾವ ತಪ್ಪೂ ಇಲ್ಲದ ಕಡೆ ದೋಷ ಕಾಣಿಸಿಕೊಳ್ಳುತ್ತದೆ. ವಟ್ರಸುಳಿಯ ಮಾತು ಬಂದಾಗ ಇನ್ನೊಂದು ಸಂಗತಿಯನ್ನೂ ಹೇಳಬಹುದು. ಹಳೆಯ ಫಾಂಟುಗಳಿಂದ ಯೂನಿಕೋಡ್‌ಗೆ ಪರಿವರ್ತಿಸಿದ ಅನೇಕ ಕನ್ನಡ ಪುಟಗಳಲ್ಲಿ ಇದೇ 'ಸಂಸ್ಕೃತಿ'ಯ ವಟ್ರಸುಳಿಯ ಜಾಗದಲ್ಲಿ ಡೇನಿಶ್ ವರ್ಣಮಾಲೆಯ ಅಡ್ಡಗೆರೆಯ ಓಕಾರ ಕುಳಿತಿರುತ್ತದೆ. ಅಂತರಜಾಲದ ಪಠ್ಯದಿಂದ ಭಾಷೆ ಕಲಿಯುವ ಯಾವುದೇ ಯಂತ್ರಕ್ಕೆ ಇದೂ ಕನ್ನಡವೇ.

ಅಂಕಿಯ ಲೆಕ್ಕಾಚಾರ ಸರಿಪಡಿಸಬಹುದಾದದ್ದು. ಸರಿಪಡಿಸಲಾಗದ್ದು ಅದರ ಹಿಂದಿನ ಊಹೆ: ಎಲ್ಲ ತಪ್ಪುಗಳೂ ಸಮಾನ, ಅವು ಎಲ್ಲೆಂದರಲ್ಲಿ ಚೆದುರಿವೆ ಎಂಬುದು. ಪಠ್ಯವನ್ನು ಹುಡುಕಾಟಕ್ಕೆ ಬಳಸುವವರಿಗೆ ಈ ಊಹೆ ಸಾಕು. ಭಾಷಾವಿಜ್ಞಾನಿಗೆ ಸಾಲದು. ನೂರಕ್ಕೆ ತೊಂಬತ್ತೆಂಟು ಪಾಲು ಸರಿಯಿರುವ ಪಠ್ಯವೊಂದನ್ನು ಊಹಿಸಿಕೊಳ್ಳೋಣ. ಉಳಿದ ಎರಡು ಪಾಲು ಪುಟದ ಮೇಲೆಲ್ಲ ಸಮವಾಗಿ ಹರಡಿದ್ದರೆ ಮಹಾಪ್ರಾಣಗಳ ನಮ್ಮ ಎಣಿಕೆಗೆ ಹೆಚ್ಚಿನ ಅಪಾಯವಿಲ್ಲ. ಆ ಎರಡು ಪಾಲು ಪೂರ್ತಿಯಾಗಿ ಬ-ಭ, ದ-ಧ ಜೋಡಿಗಳಲ್ಲಿಯೇ ಇದ್ದು, ಅದೂ ಶಿಷ್ಟರೂಪದ ಕಡೆಗೇ ವಾಲಿದ್ದರೆ, ಎಣಿಕೆ ಸಂಪೂರ್ಣ ನಿರರ್ಥಕ. ಆದರೂ ನಿಖರತೆಯ ಅಂಕಿ ಅದೇ ತೊಂಬತ್ತೆಂಟು. ಡಿ. ಎನ್. ಶಂಕರ ಬಟ್ ಅವರ ಹೊಸಬರಹದ ಪುಸ್ತಕವೊಂದನ್ನು ಇಂಥ ಯಂತ್ರಕ್ಕೆ ಕೊಟ್ಟರೆ ಏನಾದೀತೆಂದು ಯೋಚಿಸಬಹುದು. ಮಹಾಪ್ರಾಣವನ್ನೂ ಷಕಾರವನ್ನೂ ಕೈಬಿಡಬೇಕೆಂದು ವಾದಿಸುತ್ತ 'ಬಾಶೆ' ಎಂದೇ ಬರೆಯುವ ಪುಸ್ತಕ, 'ಭಾಷೆ' ಎಂದು ತಿದ್ದಿಸಿಕೊಂಡು ಹೊರಬಂದರೆ, ವಾದವೇ ಪುಟದಿಂದ ಮಾಯವಾಗುತ್ತದೆ. ಅವರ ವಾದವನ್ನು ಒಪ್ಪದವರಿಗೂ ಇದು ಸಂತೋಷ ತರಬಾರದು.

ಹಳಗನ್ನಡದ ವಿಷಯಕ್ಕೆ ಬಂದರೆ ಪ್ರಶ್ನೆ ಇನ್ನೂ ಮೂಲಭೂತ. ಯಾವ ಓಸಿಆರ್ ಆದರೂ ತನ್ನ ಸಂಕೇತಪಟ್ಟಿಯಲ್ಲಿರುವುದನ್ನು ಮಾತ್ರ ಬರೆಯಬಲ್ಲದು. ಪಟ್ಟಿಯಲ್ಲಿ ಱ, ೞ ಇಲ್ಲದಿದ್ದರೆ, ಚಿತ್ರ ಎಷ್ಟೇ ಸ್ಪಷ್ಟವಾಗಿರಲಿ, ಅವು ಪಠ್ಯದಲ್ಲಿ ಎಂದಿಗೂ ಬರಲಾರವು. ಅವುಗಳಿಗೆ ಹತ್ತಿರದ ಬೇರೊಂದು ಆಕಾರ ಬರುತ್ತದೆ. ಟೆಸರ್ಯಾಕ್ಟ್‌ನ ತರಬೇತಿ ಕಡತವನ್ನು ಬಿಚ್ಚಿ ಈ ಪಟ್ಟಿಯನ್ನು ನೋಡಲು ಸಾಧನವಿದೆ. ಐದು ನಿಮಿಷದ ಕೆಲಸ. ಹಳಗನ್ನಡದ ಕಾರ್ಪಸ್ ಆಧರಿಸಿದ ಪ್ರಬಂಧದಲ್ಲಿ ಈ ಐದು ನಿಮಿಷದ ಸುಳಿವಿಲ್ಲದಿದ್ದರೆ ವಿಮರ್ಶಕರು ಅದನ್ನು ಹಿಂದಿರುಗಿಸಬೇಕೆಂಬುದು ನಮ್ಮ ಅಭಿಪ್ರಾಯ. 'ಬಾೞ್' ಎಂದರೆ ಜೀವಿಸು, 'ಬಾಳ್' ಎಂದರೆ ಕತ್ತಿ. 'ಅಱಿ' ಎಂದರೆ ತಿಳಿ, 'ಅರಿ' ಎಂದರೆ ಕತ್ತರಿಸು. ಕೇಶಿರಾಜನು 13ನೆಯ ಶತಮಾನದಲ್ಲಿ ರಳ, ಕುಳ, ಕ್ಷಳಗಳನ್ನು ಬಿಡಿಸಿ ಹೇಳುವ ಶ್ರಮ ತೆಗೆದುಕೊಂಡದ್ದು, ಅವು ಕಲಸಿಹೋಗುವ ಕಾಲ ಆಗಲೇ ಬಂದಿತ್ತೆಂಬ ಕಾರಣಕ್ಕಾಗಿ. ಆ ವಿಲೀನ ಯಾವಾಗ, ಯಾವ ಪರಿಸರದಲ್ಲಿ, ಯಾವ ಪದಗಳಿಂದ ಮೊದಲಾಯಿತು ಎಂಬುದು ಕನ್ನಡದ ಚಾರಿತ್ರಿಕ ಧ್ವನಿವಿಜ್ಞಾನದ ಮುಖ್ಯ ಪ್ರಶ್ನೆಗಳಲ್ಲೊಂದು. ಯಂತ್ರವು ಒಂದೇ ಏಟಿಗೆ ಎಲ್ಲ ಕಾಲದಲ್ಲಿಯೂ ಆ ವಿಲೀನವನ್ನು ಪೂರೈಸಿಬಿಟ್ಟ ಪಠ್ಯದಿಂದ ಅದಕ್ಕೆ ಉತ್ತರ ಹುಡುಕಲಾಗದು. ಈ ೞಕಾರದ ದುರದೃಷ್ಟ ಹಳೆಯದು. ಯೂನಿಕೋಡ್‌ನಲ್ಲಿ ಅದಕ್ಕೆ ತಪ್ಪಾಗಿ 'ಫ' ಎಂದು ಹೆಸರಿಡಲಾಯಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಇಂದಿಗೂ ಅಧಿಕೃತ ಹೆಸರು ಅದೇ ಆಗಿದ್ದು, ಸರಿಯಾದುದು ಉಪನಾಮವಾಗಿ ಪಕ್ಕದಲ್ಲಿ ನಿಂತಿದೆ. ನಕಾರಪೊಲ್ಲು ಯೂನಿಕೋಡ್ ಸೇರಿದ್ದೇ 2021ರಲ್ಲಿ. ಅದಕ್ಕಿಂತ ಮುಂಚಿನ ಯಾವ ಓಸಿಆರ್‌ನಿಂದಲೂ ಅದನ್ನು ನಿರೀಕ್ಷಿಸುವಂತಿಲ್ಲ.

ಕನ್ನಡದಲ್ಲಿ ಈ ಸಮಸ್ಯೆಯನ್ನು ಎದುರಿಸಲು ಒಂದು ವಿದ್ಯೆ ಆಗಲೇ ಇದೆ. ಅದನ್ನು ನಾವು ಕಂಪ್ಯೂಟರಿನ ಮುಂದೆ ಕುಳಿತಾಗ ಮರೆಯುತ್ತೇವೆ. ಓಲೆಗರಿಯ ಪ್ರತಿಗಳಿಂದ ಗ್ರಂಥಸಂಪಾದನೆ ಮಾಡಿದವರು ಲಿಪಿಕಾರನನ್ನು ಎಂದೂ ಕುರುಡಾಗಿ ನಂಬಲಿಲ್ಲ. ಆತ ಯಾವ ಅಕ್ಷರವನ್ನು ಯಾವುದಕ್ಕೆ ಬದಲಾಗಿ ಬರೆಯುತ್ತಾನೆ, ತನ್ನ ಕಾಲದ ರೂಪವನ್ನು ಹಳೆಯ ರೂಪದ ಜಾಗದಲ್ಲಿ ಎಲ್ಲಿ ತಂದಿಡುತ್ತಾನೆ ಎಂಬುದನ್ನು ಮೊದಲು ಅರಿತುಕೊಂಡರು. ಡಿ. ಎಲ್. ನರಸಿಂಹಾಚಾರ್ ಅವರ 'ಕನ್ನಡ ಗ್ರಂಥಸಂಪಾದನೆ' ಈ ಶಿಸ್ತನ್ನೇ ಕಲಿಸುವ ಪುಸ್ತಕ. ಎರಡು ಪಾಠಗಳಲ್ಲಿ ಒಂದು ಸುಲಭ, ಇನ್ನೊಂದು ಕ್ಲಿಷ್ಟವಾಗಿದ್ದರೆ ಕ್ಲಿಷ್ಟಪಾಠವೇ ಮೂಲಕ್ಕೆ ಹತ್ತಿರವಿರುವ ಸಂಭವ ಹೆಚ್ಚೆಂಬುದು ಸಂಪಾದಕರ ನಂಬುಗೆಯ ಸೂತ್ರ, ಏಕೆಂದರೆ ಲಿಪಿಕಾರ ಕಠಿಣವನ್ನು ಸುಲಭಗೊಳಿಸುತ್ತಾನೆಯೇ ಹೊರತು ಸುಲಭವನ್ನು ಕಠಿಣಗೊಳಿಸುವುದಿಲ್ಲ. ಓಸಿಆರ್‌ನ ನರಜಾಲ ನಡೆಯುವುದು ಇದಕ್ಕೆ ನೇರ ವಿರುದ್ಧವಾದ ಸೂತ್ರದ ಮೇಲೆ: ಸಂದೇಹ ಬಂದಲ್ಲಿ ಪರಿಚಿತ ಪಾಠ.

ಹೀಗಿರುವಾಗ ಓಸಿಆರ್ ಪಠ್ಯವನ್ನು ಕೈಬಿಡಬೇಕೆಂದು ನಾವು ಹೇಳುತ್ತಿಲ್ಲ. ಅಷ್ಟು ಪುಟಗಳನ್ನು ಕೈಯಿಂದ ಬೆರಳಚ್ಚು ಮಾಡುವ ಶಕ್ತಿ ಯಾವ ವಿಭಾಗಕ್ಕೂ ಇಲ್ಲ. ಅದನ್ನು ಒಂದು ಪ್ರತಿಯ ಪಾಠವೆಂದು ಪರಿಗಣಿಸಿ, ಲಿಪಿಕಾರನ ಪರಿಚಯವನ್ನು ದಾಖಲಿಸಬೇಕೆಂದಷ್ಟೇ ಕೇಳುತ್ತಿದ್ದೇವೆ. ಬಳಸಿದ ಮಾದರಿಯ ಆವೃತ್ತಿ, ಪುಟವಿನ್ಯಾಸದ ಆಯ್ಕೆ, ಪದಪಟ್ಟಿ ಸಕ್ರಿಯವಾಗಿತ್ತೆ ಎಂಬ ಮಾಹಿತಿ, ಯೂನಿಕೋಡ್ ಸಮರೂಪಗೊಳಿಸಿದ ಬಗೆ ಇವು ಪ್ರಬಂಧದಲ್ಲಿಯೇ ಇರಬೇಕು. ಪುಟದ ಚಿತ್ರ ಪಠ್ಯದ ಜೊತೆಗೇ ಉಳಿಯಬೇಕು. ಪದಪಟ್ಟಿ ಇದ್ದಾಗ ಒಮ್ಮೆ, ಇಲ್ಲದಿದ್ದಾಗ ಒಮ್ಮೆ ಅದೇ ಪುಟವನ್ನು ಓದಿಸಿ, ಎರಡರ ವ್ಯತ್ಯಾಸಗಳನ್ನು ಪಾಠಾಂತರಗಳಾಗಿ ಗುರುತು ಹಾಕಿಕೊಳ್ಳುವುದು ಕೆಲವೇ ಸಾಲುಗಳ ಪ್ರೋಗ್ರಾಮಿನಿಂದ ಸಾಧ್ಯ. ನರಜಾಲದ ಒಳಗಿನ ಸಂಸ್ಕಾರವನ್ನು ಅದು ಹೊರತೆಗೆಯದು, ಆದರೆ ಸಂದೇಹಾಸ್ಪದ ಪದಗಳಲ್ಲಿ ಒಂದಷ್ಟನ್ನು ಬೆಳಕಿಗೆ ತರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸಂಶೋಧನೆಯ ಪ್ರಶ್ನೆ ಯಾವ ಧ್ವನಿಯನ್ನು ಕುರಿತದ್ದೋ ಆ ಧ್ವನಿಯಿರುವ ಸಾಲುಗಳನ್ನೇ ಯಾದೃಚ್ಛಿಕವಾಗಿ ಆಯ್ದು ಅಚ್ಚಿನೊಡನೆ ಹೋಲಿಸಬೇಕು. ಇಡೀ ಪುಸ್ತಕದ ಸರಾಸರಿ ನಿಖರತೆ ಆ ಕೆಲಸಕ್ಕೆ ಒದಗುವುದಿಲ್ಲ.

ನಮ್ಮ ಕರಡಿನಿಂದ ಆ ವಾಕ್ಯವನ್ನು ತೆಗೆದುಹಾಕಿದ್ದೇವೆ. ಸಂಭಾಷಣೆಯ ಪುಟಗಳನ್ನು ಈಗ ಪುಸ್ತಕದಿಂದ ನೇರವಾಗಿ, ಕೈಯಿಂದಲೇ ಬರೆದುಕೊಳ್ಳಲಾಗುತ್ತಿದೆ. ಮೂರನೆಯ ಕಥೆಯಲ್ಲಿ ಅಜ್ಜಿಯ ಬಾಯಲ್ಲಿ 'ದರ್ಮ' ಎಂದಿದೆ, ಅದೇ ಪುಟದಲ್ಲಿ ರಾಜನ ಬಾಯಲ್ಲಿ 'ಧರ್ಮ' ಎಂದಿದೆ. ಎರಡೂ ಕಡೆ ಸೀಳು ಇರುವುದೂ ಇಲ್ಲದಿರುವುದೂ ಬರಿಗಣ್ಣಿಗೆ ಸ್ಪಷ್ಟ. ರಾಜನ ಮಾತಿಗೆ ಬಂದಾಗ ಕಥೆ ಹೇಳುವಾಕೆ ತನ್ನ ಉಚ್ಚಾರಣೆಯನ್ನು ಬದಲಿಸಿದಳೋ, ಅಥವಾ ಬರೆದುಕೊಂಡವರ ಕಿವಿಗೆ ರಾಜನೆಂದರೆ ಹಾಗೆ ಕೇಳಿಸಿತೋ ಎಂಬುದನ್ನು ತಿಳಿಯಲು ಉಳಿದ ಕಥೆಗಳನ್ನೂ ಓದಿ ಮುಗಿಸಬೇಕಾಗಿದೆ.